ಮುಚ್ಚಳ ತೆಗೀಬೇಡ್ರಿ

ಕನ್ನಡಕದ ಮೇಲೆ ಹಬೆ ಕೂತೈತೆ, ಒರೆಸ್ಕೊಂಡೆ, ಏ ಮಹಾಂತೇಶ, ಅಂಗಡಿಯಾಗೆ ಕೂತ್ಕಂಡು ಅಪ್ಪಂಗೆ ಮರೆವು, ಗ್ಯಾಸ್ ಆರ್ಸಲ್ಲ ಅಂತ ಮನೆ ವಾಟ್ಸಾಪ್ ಗ್ರೂಪ್ನಾಗೆ ಹಾಕೀಯಲ್ಲ, ನಾಚಿಕೆ ಆಗಲ್ವೇನೋ, ನಾನೂ ಇಲ್ಲೇ ಮಾತಾಡಿ ಕಳಿಸ್ತೀನಿ, ಆರಿಸೀನಿ, ರೆಗ್ಯುಲೇಟರೂ ತಿರುವೀನಿ, ನಂಗೆ ಮದುವೆ ಹೊಸತರದ್ದೂ ನೆನಪೈತೆ, ಬೇಕಾದ್ರೆ ಕೇಳು — ತವರೂರು ಜಡೆಯಿಂದ ಬಂದ ನಿಮ್ಮವ್ವ ನೀಲಾಂಬಿಕ ಶಿಕಾರಿಪುರದ ಈ ಅಡುಗೆಮನೆಗೆ ಕಾಲಿಟ್ಟ ಮಾರನೇ ದಿನ, ಅನ್ನ ಒಂದು ಕುದಿ ಬಂದಿದ್ದೇ ತಡ ಪಾತ್ರೆ ಇಳಿಸಿ ಕೊಳ್ಳಿ ಹೊರಗೆಳೆದ್ಲು, ಪಾತ್ರೆಗೆ ಕಂಬಳಿ ಸುತ್ತಿ ಭತ್ತದ ಹೊಟ್ಟು ತುಂಬಿದ ಬುಟ್ಟಿಯೊಳಗೆ ಕೂಸು ಮಲಗಿಸ್ದಂಗೆ ಇಟ್ಲು, ನಾನು ನಕ್ಕೆ, ಏನೇ ಅನ್ನಕ್ಕೆ ಚಳಿಜ್ವರಾನಾ, ಅಕ್ಕಿ ಅಕ್ಕಿಯಾಗೇ ಇರ್ತೈತೆ ತಗಿ ನೋಡಾನ, ಅವಳು ಸೌಟು ಎತ್ತಿ, ಮುಚ್ಚಳ ತೆಗೀಬೇಡ್ರಿ ಮಾರಾಯ್ರೆ, ನೋಡಿದಷ್ಟೂ ಬಿಸಿ ಹೋಗ್ತದೆ, ಸುಮ್ನೆ ಕೂರಿ, ಅದರ ಪಾಡಿಗೆ ಅದು ಬೇಯ್ತದೆ ಅಂದ್ಲು — ಬೆಂದಿತ್ತು, ಮಲ್ಲಿಗೆ ಮೊಗ್ಗಿನಂಗೆ, ಆ ಹಬೆ ಮುಖಕ್ಕೆ ಬಡಿದಿದ್ದು ಈಗ್ಲೂ — ಮರೆವಂತೆ ನಂಗೆ!

ಕೇಳ್ಕೊಳ್ರಿ ಎಲ್ರೂ, ಗ್ಯಾಸ್ ಉಳಿಯೋದು ಹಿಂಗೆ, ಬೇಳೆ ಮೊದ್ಲೇ ನೆನೆಹಾಕ್ರಿ, ಬಿಸಿ ಸಾರು ಫ್ರಿಜ್ಜಿಗೆ ಇಡಬೇಡ್ರಿ, ಆರ್ಲಿ, ಯಾರಿಲ್ಲದ ಕೋಣೆಗೆ ಫ್ಯಾನ್ ಯಾಕೆ — ಯಾರಿಲ್ಲದ ಕೋಣೆ — ಅವಳ ಕೋಣೇದು ನಾನೇ ಹಾಕಿಟ್ಟೀನಿ, ತಿರುಗ್ಲಿ, ಹಗ್ಗದ ಮೇಲಿನ ಸೀರೆ ಅಲ್ಲಾಡಿದ್ರೆ ಒಳಗೆ ಯಾರೋ ಅದಾರೆ ಅನ್ನಿಸ್ತೈತೆ, ಅವಳ ಅಣ್ಣನ ಹೆಂಡ್ತಿ ಕಾಲು ಮುರ್ಕೊಂಡ್ಳು, ಎದ್ದು ಓಡಾಡೋವರೆಗೆ ಅಂತ ಜಡೆಗೆ ಹೋದೋಳು, ಆಗ ನಾಟಿ, ಈಗ ಕೊಯ್ಲೂ ಮುಗೀತು, ಆ ಅತ್ತಿಗೆ ಸೊರಬದ ಸಂತೆ ಸುತ್ತಿ ಬರ್ತಾಳಂತೆ, ಇವಳು ಮಾತ್ರ ಬರ್ಲಿಲ್ಲ, ಫೋನು ಇಲ್ಲೇ ಬಿಟ್ಟು, ಚಾರ್ಜರಿನ ಸ್ವಿಚ್ ನೆನಪಿಟ್ಟು ಆರಿಸಿ ಹೋಗ್ಯಾಳೆ, ಬಾ ಅನ್ನಾಕೆ ನಂಗೂ ಬಾಯಿ ಬರಲ್ಲ, ಅನ್ನದ ವಿಷಯಾದ್ರೆ ಬರ್ತೈತೆ — ನಿನ್ನೆ ನಾನೇ ಇಟ್ಟೆ, ಗಳಿಗೆಗೊಂದ್ಸಲ ತೆಗೆದು ನೋಡ್ದೆ, ಅಕ್ಕಿ ಹಂಗೇ ಕೂತಿತ್ತು, ಇವತ್ತು ಅವಳದೂ ಒಂದು ಹಿಡಿ ಸೇರ್ಸಿ ಇಟ್ಟೀನಿ, ಅದೇ ಕಂಬಳಿ, ಅದೇ ಬುಟ್ಟಿ, ಮುಚ್ಚಳ ಮುಟ್ಟಿಲ್ಲ, ಜಡೆ ಬಸ್ಸು ಬರೋವರೆಗೆ ಮುಟ್ಟಲ್ಲ — ಶೃತಿ, ನೀನು ಆ ಜಡೆ ಮನೆ ಸೊಸೆ, ಸ್ಪೀಕರ್ ಜೋರು ಮಾಡಿ ಒಳಗೆ ಹೋಗಿ ನಿಮ್ಮ ನೀಲತ್ತೆಗೆ ಇದನ್ನ ಕೇಳ್ಸವ್ವ, ಮಾವ ಕರೆದ ಅನ್ಬೇಡ, ಗ್ಯಾಸ್ ಉಳಿಸೋ ವಿಷಯ ಅನ್ನು, ಆಮೇಲೆ — ಕಂಬಳಿ ಮೇಲೆ ಕೈ ಇಟ್ಟೀನಿ, ಇನ್ನೂ ಬಿಸಿ ಐತೆ — ಅಷ್ಟು ಮುಟ್ಟಿಸು, ಇನ್ನೂ ಬಿಸಿ ಐತೆ ಅಂತ.