ಐವತ್ತು ಎಣಿಸುವಷ್ಟು ಹೊತ್ತು

ಈದ್ ಮುಗಿದ ವಾರ ಫರೂಜಾ ರಂಜಾನ್ ತಿಂಗಳ ಪರೀಕ್ಷೆಗಳ ಪುಸ್ತಕ ಬಿಡಿಸಿಕೊಂಡು ಕೂತವಳು ಮೇಲಕ್ಕೇಳಲೇ ಇಲ್ಲ. ಕಾಂಕ್ರೀಟಿನ ಸಿಲಿಂಡರುಗಳನ್ನು ಯಂತ್ರಕ್ಕಿಟ್ಟು ಒತ್ತಿ ಒಡೆಯುವುದು, ಎಷ್ಟಕ್ಕೆ ಒಡೆಯಿತೆಂದು ಬರೆದು ಸಹಿ ಹಾಕುವುದು ಇಪ್ಪತ್ತೆರಡು ವರ್ಷದಿಂದ ಅವಳ ಕೆಲಸ. ಅಲ್ಜಿಯರ್ಸಿನ ಪೂರ್ವಕ್ಕಿರುವ ನಮ್ಮ ಊರು ಭೂಕಂಪದ ಪೆಟ್ಟು ತಿಂದ ಊರು. ಪ್ರಯೋಗಾಲಯದ ಆ ಸಹಿ ಇಲ್ಲದೆ ಇಲ್ಲಿ ಒಂದು ಮಹಡಿಯ ಮೇಲೆ ಇನ್ನೊಂದು ಏಳುವುದಿಲ್ಲ. ಅವಳು ಬರೆದ ಅಂಕವನ್ನು ಈವರೆಗೆ ಒಬ್ಬರೂ ಪ್ರಶ್ನಿಸಿರಲಿಲ್ಲ. ಅದರ ಹೆಮ್ಮೆ ಅವಳಿಗೆ ಒಂದು ಕೈ ಜಾಸ್ತಿಯೇ ಇತ್ತು.

ಈಗ ಅವಳಿಗೇ ಪ್ರಶ್ನೆ ಎದ್ದಿತ್ತು. ಬೆಳಿಗ್ಗೆ ಒಡೆದ ಸಿಲಿಂಡರುಗಳಿಗಿಂತ ಮಧ್ಯಾಹ್ನ ಮೂರರ ಮೇಲೆ ಒಡೆದವೆಲ್ಲ ಒಂದೂವರೆ, ಎರಡು ಅಂಕ ಗಟ್ಟಿ. ಯಾರ ಕಟ್ಟಡವೇ ಇರಲಿ, ಅದೇ ಕತೆ. ಅದೂ ರಂಜಾನಿನಲ್ಲಿ ಮಾತ್ರ! ಕಾಂಕ್ರೀಟೇನು ಉಪವಾಸ ಮಾಡುತ್ತದೆಯೇ?

ಮೊದಲು ಯಂತ್ರವನ್ನೇ ಬೈದಳು. ತಪಾಸಣೆ ಮಾಡಿ ನೋಡಿದರೆ ಯಂತ್ರ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಆಮೇಲೆ ತನ್ನ ಬಲಗೈ ನೋಡಿಕೊಂಡಳು.

ಆ ಯಂತ್ರದ ವಾಲ್ವನ್ನು ಕೈಯಲ್ಲೇ ತಿರುಗಿಸಬೇಕು, ಅದೂ ಮೆಲ್ಲಗೆ. ಸಿಲಿಂಡರು ಒಡೆಯುವ ಹೊತ್ತಿಗೆ ಐವತ್ತು ಎಣಿಸಿರಬೇಕು. ಗಬಕ್ಕನೆ ಭಾರ ಹೇರಿದರೆ ಕಾಂಕ್ರೀಟಿಗೆ ಬಿರುಕು ಬಿಡಲೂ ಪುರಸೊತ್ತಾಗದೆ, ಇದ್ದದ್ದಕ್ಕಿಂತ ಗಟ್ಟಿ ಎಂದು ತೋರಿಸಿಬಿಡುತ್ತದೆ. ಇದನ್ನು ಊರಿಗೆಲ್ಲ ಪಾಠ ಹೇಳಿದವಳೇ ಅವಳು. ಆದರೆ ರಂಜಾನಿನ ಮಧ್ಯಾಹ್ನ ಬಾಯಿ ಒಣಗಿ, ಹೊಟ್ಟೆ ಚುರುಗುಟ್ಟಿ, ಬ್ರೆಡ್ಡಿನ ಅಂಗಡಿಯ ಸಾಲು, ಒಲೆಗೇರದ ಶೋರ್ಬಾ ಸಾರು ಎಲ್ಲ ಕಣ್ಣ ಮುಂದೆ ಬರುತ್ತಿದ್ದಾಗ ಆ ಕೈ ಏನು ಮಾಡಿತ್ತು? ಹತ್ತು ಎಣಿಸುವಷ್ಟರಲ್ಲಿ ಒಡೆದು ಬಿಸಾಕಿತ್ತು.

ಒಂದೇ ದಿನ, ಒಂದೇ ಮಿಶ್ರಣದಿಂದ ಎರಕ ಹೊಯ್ದ ಆರು ಸಿಲಿಂಡರು ತಂದಳು. ಮೂರನ್ನು ಐವತ್ತು ಎಣಿಸಿ ಒಡೆದಳು, ಮೂರನ್ನು ರಂಜಾನಿನ ಕೈಯಲ್ಲಿ ಒಡೆದಳು. ವ್ಯತ್ಯಾಸ ಹತ್ತಿರಹತ್ತಿರ ಎರಡು ಬಂತು.

ಪಕ್ಕದಲ್ಲಿ ನಿಂತು ನೋಡುತ್ತಿದ್ದ ಸಹೋದ್ಯೋಗಿ ಲೂನಿಸ್ ನಕ್ಕ. "ಎರಡು ಅಂಕಕ್ಕೆ ಆಕಾಶ ಕಳಚಿ ಬೀಳುತ್ತಾ, ಚಿಕ್ಕಮ್ಮಾ?"

"ಹೆರಿಗೆ ಆಸ್ಪತ್ರೆಯ ಕೆಳಗಿನ ಕಂಬಗಳು ಇಪ್ಪತ್ತೈದು ದಾಟಬೇಕಿತ್ತು. ನಾನು ಬರೆದಿದ್ದು ಇಪ್ಪತ್ತೈದೂವರೆ, ಮೂರೂಮುಕ್ಕಾಲು ಗಂಟೆಗೆ. ನೀನೇ ಲೆಕ್ಕ ಹಾಕು. ಶನಿವಾರ ಅದರ ಮೇಲೆ ಇನ್ನೊಂದು ಮಹಡಿ ಏಳುತ್ತೆ. ಹಲ್ಲು ಕಿಸಿಯೋದು ನಿಲ್ಲಿಸು."

ಪ್ರಯೋಗಾಲಯದ ಮುಖ್ಯಸ್ಥ ಬೂಅಲೆಮ್ ಕೆಟ್ಟವನೇನಲ್ಲ. ಅವಳ ಮಾತು ಪೂರ್ತಿ ಕೇಳಿ, ಕನ್ನಡಕ ತೆಗೆದು, ಬಾಗಿಲು ಹಾಕಿಸಿದ.

"ಫರೂಜಾ, ಯಂತ್ರ ಕೆಟ್ಟಿತ್ತು ಅಂತ ಬರೆದುಬಿಡು. ಎಲ್ಲಾ ಮತ್ತೆ ಪರೀಕ್ಷೆ ಮಾಡೋಣ. ಯಂತ್ರಕ್ಕೇನು, ಮಾನ ಹೋಗುತ್ತಾ ಮರ್ಯಾದೆ ಹೋಗುತ್ತಾ?"

ಅವಳಿಗೆ ಆಸೆಯಾಗದೆ ಇರಲಿಲ್ಲ. ಒಂದು ಸಾಲು ಬರೆದರೆ ಇಪ್ಪತ್ತೆರಡು ವರ್ಷದ ಹೆಸರು ಉಳಿಯುತ್ತಿತ್ತು, ಕಂಬಗಳ ಪರೀಕ್ಷೆಯೂ ಆಗುತ್ತಿತ್ತು. ಪೆನ್ನು ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟಳು.

"ಯಂತ್ರದ ಮೇಲೆ ಹಾಕಿದ್ರೆ ನೀವು ಅದನ್ನ ರಿಪೇರಿ ಮಾಡಿಸ್ತೀರಿ, ಸಾಹೇಬ್ರೇ. ಬರೋ ರಂಜಾನಿಗೆ ಕೈ ಮತ್ತೆ ಇದೇ ಕೆಲಸ ಮಾಡುತ್ತೆ. ಕೈನ ಯಾರು ರಿಪೇರಿ ಮಾಡ್ತಾರೆ?"

"ಹಾಗೆ ಬರೆದ್ರೆ ನಿನ್ನನ್ನ ಆ ಯಂತ್ರದ ಮುಂದೆ ಉಳಿಸ್ಕೊಳ್ಳೋಕೆ ನನ್ ಕೈಲಾಗಲ್ಲ. ಯೋಚನೆ ಮಾಡು."

"ಮಾಡಿದೀನಿ. ರಾತ್ರಿಯೆಲ್ಲ ಅದನ್ನೇ ಮಾಡಿದ್ದು."

ಕೂತು ಬರೆದಳು: 'ಯಂತ್ರ ಸರಿಯಾಗಿದೆ. ಉಪವಾಸದ ತಿಂಗಳಲ್ಲಿ ಮಧ್ಯಾಹ್ನ ಮನೆಗೆ ಹೋಗುವ ಅವಸರದಿಂದ ನಾನು ಭಾರವನ್ನು ಬೇಗ ಹೇರಿದ್ದೇನೆ. ತಪ್ಪು ನನ್ನದು.' ಒಂದು ಸಲ ಓದಿಕೊಂಡಳು. ಸಹಿ ಹಾಕಿದಳು.

ಶನಿವಾರದ ಕೆಲಸ ನಿಂತಿತು. ಆಸ್ಪತ್ರೆಯ ಗುತ್ತಿಗೆದಾರ ಹಾಜ್ ಮೊಕ್ರಾನ್ ಕೆಂಡವಾಗಿ ಬಂದ. "ಅಲ್ಲ ತಾಯಿ, ಊರಿಗೆಲ್ಲ ಉಪವಾಸ ಇರಲಿಲ್ವಾ? ನಿನ್ನ ಹಸಿವಿಗೆ ನನ್ನ ಕಂಬ ಕೊರೀಬೇಕಾ?"

"ಹಸಿವು ನಂದು, ಕಂಬ ನಿಮ್ದು, ಹಾಜ್. ಕೊರೆಸಿ. ಇಪ್ಪತ್ತೈದು ದಾಟಿದ್ರೆ ನಿಮ್ಮ ಮನೆ ಬಾಗಿಲಿಗೆ ಬಂದು ಕ್ಷಮೆ ಕೇಳ್ತೀನಿ."

ಕಂಬಗಳಿಂದ ಮೂರು ತುಂಡು ಕೊರೆದು ತಂದರು. ಅವನ ಎದುರಿಗೇ, ಬಾಯಿಬಿಟ್ಟು ಐವತ್ತು ಎಣಿಸುತ್ತ ಫರೂಜಾ ಒಂದೊಂದನ್ನೇ ಒಡೆದಳು. ಒಂದೂ ಇಪ್ಪತ್ತಮೂರು ದಾಟಲಿಲ್ಲ. ಹಾಜ್ ಮೊಕ್ರಾನ್ ಬೈಗುಳವನ್ನು ಅರ್ಧಕ್ಕೇ ನುಂಗಿಕೊಂಡು ಹೊರಟುಹೋದ. ಕಂಬಗಳಿಗೆ ಹೊಸ ಕಬ್ಬಿಣ ಸುತ್ತಿ, ಮೇಲೊಂದು ಪದರ ಕಾಂಕ್ರೀಟು ಹಾಕಿ ದಪ್ಪ ಮಾಡುವುದಕ್ಕೆ ಮೂರು ತಿಂಗಳು ಹಿಡಿಯಿತು. ಅಷ್ಟರಲ್ಲಿ ಫರೂಜಾಳನ್ನು ಮರಳು ಜರಡಿ ಹಿಡಿಯುವ ಹಿಂದಿನ ಕೋಣೆಗೆ ಹಾಕಿದ್ದರು. ಮೊದಲ ದಿನ ಅಲ್ಲಿ ಬಾಗಿಲು ಹಾಕಿಕೊಂಡು ಚೆನ್ನಾಗಿ ಅತ್ತಳು. ಎರಡನೇ ದಿನದಿಂದ ಜರಡಿ ಹಿಡಿದಳು. ಯಂತ್ರದ ಮುಂದೆ ಈಗ ಲೂನಿಸ್ ಕೂರುತ್ತಿದ್ದ.

ಮತ್ತೆ ರಂಜಾನ್ ಬಂತು. ಹತ್ತನೇ ಉಪವಾಸ, ಮಧ್ಯಾಹ್ನ ಮೂರೂಮುಕ್ಕಾಲು. ಆಸ್ಪತ್ರೆಯ ಕಡೇ ಮಹಡಿಯ ಸಿಲಿಂಡರುಗಳು ಬಂದಿದ್ದವು. ಲೂನಿಸನನ್ನು ಮನೆಗೆ ಬಿಡಬೇಕಿದ್ದ ಗೆಳೆಯ ಅಂಗಳದಲ್ಲಿ ಕಾರಿನ ಹಾರನ್ನು ಒಂದೇ ಸಮನೆ ಒತ್ತುತ್ತಿದ್ದ. "ಬಾರೋ ಮಾರಾಯಾ, ಜಲೇಬಿ ಎಲ್ಲಾ ಖಾಲಿಯಾಗುತ್ತೆ!"

ಗೋಡೆಯಾಚೆ ಯಂತ್ರದ ಪಂಪು ಗುರ್ರೆಂದಿತು. ಜರಡಿ ಹಿಡಿದ ಫರೂಜಾಳ ಕೈ ತಾನಾಗಿ ನಿಂತಿತು. ಅವಳು ಎಣಿಸತೊಡಗಿದಳು. ಎಂಟು, ಒಂಬತ್ತು, ಹತ್ತು. ಹಾರನ್ನು ಮತ್ತೆ ಕೂಗಿತು. ಸದ್ಯ, ಒಡೆದ ಸದ್ದಿಲ್ಲ. ಇಪ್ಪತ್ತು. ಮೂವತ್ತು. ಅವಳ ಒಣಗಿದ ತುಟಿ ಅಲ್ಲಾಡುತ್ತಲೇ ಇತ್ತು. ನಲವತ್ತು.

"ಹೋಗೋದಿದ್ರೆ ಹೋಗೋ!" ಒಳಗಿನಿಂದ ಲೂನಿಸ್ ಕಿರುಚಿದ. "ನಾನು ನಡ್ಕೊಂಡು ಬರ್ತೀನಿ!"

ಐವತ್ತೊಂದಕ್ಕೆ ಸಿಲಿಂಡರು ಢಬ್ಬೆಂದು ಒಡೆಯಿತು. ಫರೂಜಾ ತಲೆವಸ್ತ್ರದ ತುದಿಯಲ್ಲಿ ಮುಖ ಒರೆಸಿಕೊಂಡು, ಮರಳಿನ ಇನ್ನೊಂದು ಚೀಲ ಬಿಚ್ಚಿದಳು.