ಎಂಟು ಹಾಡಿಗೆ ಒಂದು ಹೆಬ್ಬೆಟ್ಟು

ಚೋಮಿ ತನ್ನ ಫೋನನ್ನು ನನ್ನ ಮೇಜಿನ ಮೇಲೆ, ಹಾಜರಿ ಬರೆಯುವ ಚೆಕ್‌ರೋಲ್ ಪುಸ್ತಕದ ಪಕ್ಕದಲ್ಲಿ ಇಟ್ಟಳು. ವಿಡಿಯೊದಲ್ಲಿ ಕಾಳನ ಕೈ ದುಡಿಯ ಮೇಲೆ ಬೀಳುತ್ತಿತ್ತು. ಸದ್ದು ಬರಲಿಲ್ಲ. ಪಕ್ಕದಲ್ಲಿ ಕುಳಿತ ಚೋಮಿಯ ಅವ್ವ ದೊಡ್ಡಿಯ ಬಾಯಿ ತೆರೆದು ಮುಚ್ಚುತ್ತಿತ್ತು. ಹಿಂದೆ ಕೂಲಿಯವರ ಲೈನ್‌ಮನೆಯ ಗೋಡೆ, ಒಣಗಲು ಹಾಕಿದ ಸೀರೆ. ನಡುವೆ ಒಂದು ಕೋಳಿ ಕೊಕ್ಕು ತೆರೆಯುತ್ತಾ ಹಾದುಹೋಯಿತು. ಅದಕ್ಕೂ ಸದ್ದಿಲ್ಲ.

"ಫೋನ್ ಕೆಟ್ಟೋಗಿದ್ಯಾ?" ಎಂದೆ.

"ಫೋನ್ ಸರಿ ಉಂಟು ರೈಟ್ರೇ. ಕಂಪನಿಯವ್ರು ಬಾಯಿ ಕಟ್ಟಿದ್ದಾರೆ. ಕೆಳಗೆ ಬರ್ದಿದೆ ನೋಡಿ."

ಈ ಹಾಡಿನ ಹಕ್ಕು ಬೇರೆಯವರದ್ದು, ಆದ್ದರಿಂದ ಧ್ವನಿ ತೆಗೆಯಲಾಗಿದೆ ಎಂದು ಬರೆದಿತ್ತು. ಅದರ ಕೆಳಗೆ ಕ್ಯಾಸೆಟ್ ಕಾಲದಿಂದಲೂ ಇರುವ ಒಂದು ಆಡಿಯೊ ಕಂಪನಿಯ ಹೆಸರು. ಆ ಹೆಸರು ನನಗೆ ಗೊತ್ತಿತ್ತು.

ಕಾಳ, ಚೋಮಿಯ ಅಪ್ಪ, ಹೋದ ಕಕ್ಕಡ ತಿಂಗಳ ಜಡಿಮಳೆಯಲ್ಲಿ ತೀರಿಕೊಂಡ. ವಿಡಿಯೊ ಮೂರು ವರ್ಷ ಹಳೆಯದು, ಚೋಮಿ ಮೊದಲ ಫೋನ್ ತೆಗೆದುಕೊಂಡಾಗ ಹಿಡಿದದ್ದು. ಕುಟ್ಟದಲ್ಲಿರುವ ನೆಂಟರು ನೋಡಲಿ ಎಂದು ಈಗ ಆ್ಯಪ್‌ಗೆ ಹಾಕಿದ್ದಳು.

"ಸ್ವಲ್ಪ ಸ್ಪೀಡ್ ಮಾಡಿ ಹಾಕಿದ್ರೆ ಮೆಷಿನ್‌ಗೆ ಗೊತ್ತಾಗಲ್ಲ ಅಂತ ಪಾಲಿಬೆಟ್ಟದ ಮೊಬೈಲ್ ಅಂಗಡೀಲಿ ಹೇಳಿದ್ರು. ಹಾಗೂ ಮಾಡಿ ನೋಡ್ದೆ. ಅಪ್ಪ ಸರ್ಕಸ್‌ನವನ ಥರ ಕಂಡ. ತೆಗ್ದುಬಿಟ್ಟೆ."

"ನಿಮ್ಮವ್ವ ನೋಡಿದ್ಲಾ?"

"ನೋಡಿದ್ಲು. ನೋಡಿ, 'ಹೇಳ್ಳಿಲ್ವಾ ನಾನು' ಅಂದ್ಲು. ಅಷ್ಟೇ." ಚೋಮಿ ಫೋನನ್ನು ಕೈಗೆ ತೆಗೆದುಕೊಂಡಳು. "ಅಪ್ಪನ್ನ ಕಳಿಸೋ ದಿನ ಹಾಡಲ್ಲ ಅಂತ ಕೂತಿದಾಳೆ."

ಅವರ ಮನೆತನದಲ್ಲಿ ಮಣ್ಣು ಮಾಡಿದ ಮಾತ್ರಕ್ಕೆ ಸತ್ತವನು ಹೋಗುವುದಿಲ್ಲ. ಅಂಗಳದ ಅಂಚಿನಲ್ಲಿ ನಿಂತಿರುತ್ತಾನೆ. ಒಂದು ದಿನ ಗೊತ್ತುಮಾಡಿ, ನೆಂಟರನ್ನು ಕರೆದು, ದುಡಿ ಬಾರಿಸಿ ಕಳಿಸುವ ಹಾಡು ಹಾಡಬೇಕು. ಯಾವ ನೀರಿನ ತೋಡು ದಾಟಬೇಕು, ಯಾವ ಬಿದಿರುಮೆಳೆಯ ಹತ್ತಿರ ಬಲಕ್ಕೆ ತಿರುಗಬೇಕು ಎಂದು ಆ ಹಾಡು ಅವನಿಗೆ ದಾರಿ ಹೇಳುತ್ತದೆ. ಅದನ್ನು ಪೂರ್ತಿ ಬಲ್ಲವಳು ಈಗ ದೊಡ್ಡಿ ಒಬ್ಬಳೇ. ಕಾಫಿ ಕುಯ್ಲು ಮುಗಿದ ಮೇಲಿನ ಭಾನುವಾರಕ್ಕೆ ದಿನ ಗೊತ್ತಾಗಿತ್ತು. ಉಳಿದದ್ದು ಎರಡು ವಾರ.

"ಯಾಕಂತೆ ಹಾಡಲ್ಲ?"

ಚೋಮಿ ನನ್ನನ್ನು ನೋಡಿದಳು. "ನೀವೇ ಹಾಡಂಗಿಲ್ಲ ಅಂದ್ರಲ್ಲ ರೈಟ್ರೇ."

ನಾನು ಈ ಎಸ್ಟೇಟಿನ ರೈಟರ್. ಊರು ಶನಿವಾರಸಂತೆ. ಇತಿಹಾಸದಲ್ಲಿ ಎಂ.ಎ. ಮಾಡಿದ್ದೇನೆ, ಯಾರಾದರೂ ಕೇಳಿದರೆ ಹೇಳುತ್ತೇನೆ, ಯಾರೂ ಕೇಳುವುದಿಲ್ಲ. ಬೆಳಿಗ್ಗೆ ಹಾಜರಿ ಹಾಕುವುದು, ಸಂಜೆ ಹಣ್ಣಿನ ಚೀಲ ತೂಗಿಸುವುದು, ಸಹಿ ಬಾರದವರ ಹೆಬ್ಬೆಟ್ಟು ಹಿಡಿದು ಪುಸ್ತಕಕ್ಕೆ ಒತ್ತಿಸುವುದು ನನ್ನ ಕೆಲಸ. ಎರಡು ವರ್ಷದ ಹಿಂದೆ ಧರ್ಮೇಂದ್ರ ಎನ್ನುವವನು ಆ ಕಂಪನಿಯಿಂದ ಬಂದಿದ್ದ. ಗೋಡೌನಿನ ಗೋಡೆಗೆಲ್ಲ ಗೋಣಿಚೀಲ ತೂಗುಹಾಕಿ, ದೊಡ್ಡಿ ಮತ್ತು ಕಾಳನನ್ನು ಒಳಗೆ ಕೂರಿಸಿ, ಎಂಟು ಹಾಡು ರೆಕಾರ್ಡ್ ಮಾಡಿದ. ಏಳನೆಯದು ಕಳಿಸುವ ಹಾಡು. ಯಾರೂ ಸಾಯದೆ ಅದನ್ನು ಹಾಡುವುದು ಹೇಗೆ ಎಂದು ದೊಡ್ಡಿ ಹಿಂಜರಿದಳು. "ಅಮ್ಮಾ, ಅದೇ ನಮ್ಮ ಹೈಲೈಟು" ಎಂದು ಅವನು ಕೈ ಮುಗಿದ. ಹಾಡಿದಳು.

ಆಮೇಲೆ ಅವನು ನಾಲ್ಕು ಹಾಳೆಯ ಕರಾರುಪತ್ರ ತೆಗೆದ. "ಬ್ರದರ್, ನೀವೇ ಓದಿ ಹೇಳ್ಬಿಡಿ. ನಮ್ಮ ಮಾತು ಇವ್ರು ನಂಬಲ್ಲ."

ಆಗ ಪಡುವಣದಲ್ಲಿ ಮೋಡ ಕಟ್ಟಿತ್ತು. ಕಣದ ತುಂಬ ಕಾಫಿ ಹರವಿತ್ತು. ರಾಶಿ ಮಾಡಿ ಟಾರ್ಪಾಲು ಹೊದಿಸಲು ಮೇಸ್ತ್ರಿ ಎಲ್ಲರನ್ನೂ ಕೂಗುತ್ತಿದ್ದ. ನಾನು ಹಾಳೆಗಳನ್ನು ತಿರುವಿದೆ. "ಈ ಎಂಟು ಹಾಡು ಇನ್ನು ಕಂಪನೀದು. ಐದು ವರ್ಷ ಬೇರೆ ಯಾರಿಗೂ ಹಾಡಂಗಿಲ್ಲ" ಎಂದೆ.

"ಯಾರಿಗೂ?" ಎಂದಿದ್ದಳು ದೊಡ್ಡಿ.

"ಯಾರಿಗೂ."

ಅವಳು ಹೆಬ್ಬೆಟ್ಟು ಚಾಚಿದಳು. ಚೆಕ್‌ರೋಲಿನದ್ದೇ ಇಂಕ್ ಪ್ಯಾಡು. ನಾನೇ ಹಿಡಿದು ಒತ್ತಿಸಿದೆ.

ಅವತ್ತಿನಿಂದ ಪಿಕ್ಕಿಂಗ್ ಸಾಲಿನಲ್ಲಿ ದೊಡ್ಡಿ ಹಾಡಿರಲಿಲ್ಲ. ವಯಸ್ಸಾಯಿತು ಅಂದುಕೊಂಡಿದ್ದೆ. ಕಾಳ ಹೋದ ಮೇಲೆ, ದುಃಖ ಅಂದುಕೊಂಡೆ. ಸದ್ದಿಲ್ಲದಿರುವುದು ನನ್ನ ಗಮನಕ್ಕೆ ಬೇಗ ಬರುತ್ತದೆ ಎಂಬ ನಂಬಿಕೆ ನನಗಿತ್ತು. ಎರಡು ವರ್ಷ ಆ ಸಾಲಿನ ಪಕ್ಕದಲ್ಲೇ ಓಡಾಡಿದ್ದೆ.

ಚೋಮಿ ಹೋದ ಮೇಲೆ, ಮಧ್ಯಾಹ್ನ, ತೋಟದಲ್ಲಿ ದೊಡ್ಡಿ ಇದ್ದ ಬ್ಲಾಕಿಗೆ ಹೋದೆ. ಅವಳು ರೆಂಬೆ ಬಾಗಿಸಿ ಹಣ್ಣು ಉದುರಿಸುತ್ತಿದ್ದಳು, ನಿಲ್ಲಿಸಲಿಲ್ಲ.

"ದೊಡ್ಡಿ, ಮನೇಲಿ ಹಾಡ್ಬೋದು. ಸಾವಿನ ಕೆಲಸಕ್ಕೆ ಹಾಡ್ಬೋದು. ಯಾರೂ ಕೇಳಲ್ಲ."

"ಅವತ್ತು ಹಾಗೆ ಓದ್ಲಿಲ್ಲ ನೀವು."

"ಅವಸರದಲ್ಲಿ ಹೇಳ್ದೆ."

"ಹೆಬ್ಬೆಟ್ಟು ಅವಸರದಲ್ಲಿ ಒತ್ತಲಿಲ್ಲ ನಾನು." ರೆಂಬೆಯನ್ನು ಬಿಟ್ಟಳು, ಅದು ಮೇಲಕ್ಕೆ ಹೋಯಿತು. "ವಿಡಿಯ ನೋಡಿದ್ರಲ್ಲ. ಬಾಯಿ ತೆಗೆದ್ರೆ ಸದ್ದು ಹೋಗ್ತದೆ. ಕಾಳನ್ನ ಕಳಿಸುವಾಗ ಅರ್ಧ ದಾರೀಲಿ ಸದ್ದು ಹೋದ್ರೆ ಅವ ಎಲ್ಲಿ ನಿಲ್ಲೋದು? ಇಲ್ಲಿ ಅಂಗಳದಲ್ಲಾದ್ರೂ ಉಂಟು ಜಾಗ."

ಮುಂದಿನ ಗಿಡಕ್ಕೆ ಹೋದಳು.

ಮರುದಿನ ರಜೆ ಹಾಕಿ ಚೋಮಿಯ ಜೊತೆ ವಿರಾಜಪೇಟೆಗೆ ಹೋದೆ. ಕೋರ್ಟಿನ ಎದುರು ಅನುಪಮಾ ಎಂಬ ವಕೀಲರ ಆಫೀಸಿತ್ತು. ಚೋಮಿ ತಂದಿದ್ದ ಕರಾರುಪತ್ರದ ನಾಲ್ಕು ಹಾಳೆಯನ್ನೂ ಅವರು ಓದಿದರು. ನಡುವೆ ಯಾರೋ ಬಂದು ಕರೆದರೂ ತಲೆ ಎತ್ತಲಿಲ್ಲ.

"ಇದನ್ನ ಅವರಿಗೆ ಓದಿ ಹೇಳಿದ್ದು ಯಾರು?"

"ನಾನು."

"ಪೂರ್ತಿ?"

ನಾನು ಕಿಟಕಿಯ ಕಡೆ ನೋಡಿದೆ. ಅವರು ಮತ್ತೆ ಕೇಳಲಿಲ್ಲ.

"ಕಂಪನಿ ಕೊಂಡಿರೋದು ಆ ಗೋಡೌನಲ್ಲಿ ಅವತ್ತು ರೆಕಾರ್ಡ್ ಆದದ್ದನ್ನ ಮಾತ್ರ. ಹಾಡನ್ನಲ್ಲ. ಹಾಡು ಇವಳ ಅಜ್ಜಿಯ ಅಜ್ಜಿಗಿಂತ ಹಳೇದು, ಅದನ್ನ ಮಾರೋಕೆ ಯಾರಿಂದಲೂ ಆಗಲ್ಲ. ಇಲ್ಲಿ ನೋಡಿ, ಮೂರನೇ ಪುಟ. 'ಐದು ವರ್ಷ ಬೇರೆ ಧ್ವನಿಮುದ್ರಣ ಸಂಸ್ಥೆಗೆ ಈ ಹಾಡುಗಳನ್ನು ಹಾಡಿಕೊಡತಕ್ಕದ್ದಲ್ಲ.' ಅಷ್ಟೇ ಇರೋದು. ಮಗಳು ಫೋನಲ್ಲಿ ಹಿಡಿದ್ರೆ ಅವಳು ಸಂಸ್ಥೆ ಆಗ್ತಾಳಾ? ಈ ವಿಡಿಯೊ ಅಂತೂ ಕರಾರಿಗಿಂತ ಒಂದು ವರ್ಷ ಹಿಂದಿಂದು."

"ಅವರ ರೆಕಾರ್ಡನ್ನೇ ಊರಿಗೆಲ್ಲ ಪುಕ್ಕಟೆ ಹಂಚಿಬಿಟ್ರೆ ಹೇಗೆ ಮೇಡಂ?" ಎಂದೆ. ಸಿಟ್ಟಿನ ಮಾತು ಅದು. ಸಿಟ್ಟು ಬಂದಿರಲಿಲ್ಲ, ಬರಬೇಕಿತ್ತು ಅನ್ನಿಸಿ ಆಡಿದೆ.

"ಬೇಡ. ಅದು ಅವರದ್ದೇ. ಅದನ್ನ ಮುಟ್ಟಿದ್ರೆ ಹೊಡೆಯೋ ಕೋಲನ್ನ ನೀವೇ ಅವರ ಕೈಗೆ ಕೊಟ್ಟ ಹಾಗೆ. ದೊಡ್ಡಿಯಮ್ಮನ ಹಾಡು ದೊಡ್ಡಿಯಮ್ಮನ ಹೆಸರಲ್ಲಿ ಬೇರೆ ಇರ್ಲಿ. ಕೇಳೋರು ಅಲ್ಲಿಗೆ ಬರ್ಲಿ. ನಿಧಾನ ಆಗ್ತದೆ. ಆದ್ರೆ ಅದನ್ನ ಯಾರೂ ಕಿತ್ಕೊಳ್ಳಕ್ಕಾಗಲ್ಲ."

ಆ್ಯಪ್‌ಗೆ ಕಳಿಸಬೇಕಾದ ಆಕ್ಷೇಪಣೆಯನ್ನು ಅವರೇ ಬರೆದುಕೊಟ್ಟರು. ಚೋಮಿ ಅಲ್ಲೇ ಕುಳಿತು, ವಿಡಿಯೊ ಹಿಡಿದ ತಾರೀಖಿನ ಸಮೇತ ಕಳಿಸಿದಳು. ಉತ್ತರ ಕೊಡಲು ಕಂಪನಿಗೆ ಮೂವತ್ತು ದಿನ ಇತ್ತು.

ಬಸ್‌ಸ್ಟ್ಯಾಂಡಿನಿಂದ ಧರ್ಮೇಂದ್ರನಿಗೆ ಫೋನ್ ಮಾಡಿದೆ.

"ಅಯ್ಯೋ ಬ್ರದರ್, ಅದೆಲ್ಲ ಮೆಷಿನ್ ಮಾಡೋದು. ನಮಗೇ ಗೊತ್ತಿರಲ್ಲ."

"ಮೆಷಿನ್‌ಗೆ ಹೇಳಿ ಮತ್ತೆ."

"ಮೆಷಿನ್‌ಗೆ ಯಾರು ಹೇಳೋದು? ನೀವು ಲೀಗಲ್‌ಗೆ ಮೇಲ್ ಹಾಕಿ. ಅಂದ ಹಾಗೆ ಆ ದುಡಿ ಅಜ್ಜ ಹೇಗಿದಾರೆ?"

"ತೀರ್ಕೊಂಡ್ರು."

"ಛೆ." ಅವನ ಕಡೆ ಯಾವುದೋ ವಾಹನ ಹಾರ್ನ್ ಮಾಡಿತು. "ಏಳನೇ ಟ್ರ್ಯಾಕ್ ಚೆನ್ನಾಗಿ ಓಡ್ತಿದೆ ಬ್ರದರ್. ನಿದ್ದೆ ಬರಕ್ಕೆ ಹಾಕ್ಕೋತಾರಂತೆ ಜನ. ಅಜ್ಜಿಗೆ ಹೇಳಿ, ಖುಷಿ ಪಡ್ತಾರೆ."

ಹೇಳಲಿಲ್ಲ.

ವಕೀಲರ ಮಾತನ್ನು ಚೋಮಿ ಹೇಳಿದರೂ ಒಪ್ಪದೆ, ದೊಡ್ಡಿ ಕುಟ್ಟದ ನೆಂಟರಿಗೆ ಬರಬೇಡಿ ಎಂದು ಹೇಳಿಸಿ ದಿನವನ್ನು ಮುಂದಕ್ಕೆ ಹಾಕಿದಳು. ದಿನವೂ ಸಂಜೆ ಕೆಲಸದಿಂದ ಬಂದು ಕೈಕಾಲು ತೊಳೆದು, ಬಾಳೆಲೆಯ ತುಂಡಿನಲ್ಲಿ ಒಂದು ಹಿಡಿ ಅನ್ನ ಅಂಗಳದ ಅಂಚಿಗೆ ಇಡುತ್ತಿದ್ದಳು. ಕಾಗೆ ತಿನ್ನುತ್ತಿತ್ತು, ಕೆಲವು ದಿನ ನಾಯಿ. ಆಫೀಸಿನಿಂದ ನನ್ನ ಕೋಣೆಗೆ ಹೋಗುವ ದಾರಿ ಆ ಅಂಗಳದ ಪಕ್ಕದಲ್ಲೇ ಇದೆ. ಅಂಚಿನ ಹತ್ತಿರ ಬಂದಾಗ ನಾನು ಸ್ವಲ್ಪ ಸರಿದು ನಡೆಯುತ್ತಿದ್ದೆ, ಯಾರೋ ನಿಂತಿದ್ದಾರೆ ಎನ್ನುವಂತೆ.

ಒಂದು ದಿನ ಆ ಏಳನೇ ಹಾಡನ್ನು ಹುಡುಕಿ ಕೇಳಿದೆ. ಹಾಡಿದವರು ಯಾರು ಎಂಬಲ್ಲಿ 'ಬುಡಕಟ್ಟು ಕಲಾವಿದರು' ಎಂದಿತ್ತು; ಚೋಮಿ ಅದನ್ನು ಮೊದಲೇ ನೋಡಿ ಅವ್ವನಿಗೆ ಹೇಳಿದ್ದಳಂತೆ. ಹಾಡಿನ ಅಡಿಯಲ್ಲಿ ಯಾವುದೋ ಕೀಬೋರ್ಡಿನ ಸದ್ದನ್ನು ನೀರಿನ ಹಾಗೆ ಹರಿಯಬಿಟ್ಟಿದ್ದರು. ಅರ್ಧಕ್ಕೆ ನಿಲ್ಲಿಸಿದೆ. ಮತ್ತೆ ಹಾಕಲಿಲ್ಲ.

ಮೂವತ್ತೊಂದನೇ ದಿನ ವಿಡಿಯೊಗೆ ಸದ್ದು ವಾಪಸು ಬಂತು. ಕಂಪನಿಯಿಂದ ಒಂದು ಸಾಲೂ ಬಂದಿರಲಿಲ್ಲ. ಅವರು ಉತ್ತರ ಕೊಡಲಿಲ್ಲ, ಅವಧಿ ಮುಗಿಯಿತು, ಅಷ್ಟೇ. ಚೋಮಿ ಓಡಿಬಂದು ತೋರಿಸಿದಳು. ನನಗೆ ಏನಾದರೂ ಅನ್ನಿಸಬಹುದು ಎಂದು ಸ್ವಲ್ಪ ಹೊತ್ತು ಕಾದೆ.

ಲೈನಿನ ಜಗಲಿಯಲ್ಲಿ ದೊಡ್ಡಿ ಅದನ್ನು ಪೂರ್ತಿ ಕೇಳಿದಳು. ದುಡಿ ಬಡಿಯಿತು, ಅವಳದ್ದೇ ದನಿ ಏರಿತು, ನಡುವೆ ಕೋಳಿ ಕೊಕ್ಕೊಕ್ಕೋ ಎಂದಿತು.

"ಆ ಕೋಳಿ ಯಾವತ್ತೋ ಸಾರಾಯ್ತು" ಎಂದಳು.

ಚೋಮಿ ನಕ್ಕಳು. ನಾನು, "ಈಗ ಹಾಡ್ಬೋದಲ್ಲ ದೊಡ್ಡಿ" ಎಂದೆ.

"ಇದು ಮೆಷಿನ್ನು. ಇವತ್ತು ಬಿಡ್ತು, ನಾಳೆ ಹಿಡೀತು. ನಾನು ಹೆಬ್ಬೆಟ್ಟು ಒತ್ತಿದ್ದು ನಿಮ್ಮ ಮಾತಿಗೆ. ನೀವು ಓದಿ. ಎಲ್ಲರ ಎದುರು ಓದಿ."

ಭಾನುವಾರ ಮಧ್ಯಾಹ್ನ ಮೂರಕ್ಕೆ ಅಂಗಳದಲ್ಲಿ ಜನ ಸೇರಿದ್ದರು. ಕುಟ್ಟದಿಂದ ಕಾಳನ ತಮ್ಮ ದುಡಿ ಹಿಡಿದು ಬಂದಿದ್ದ. ನನಗೊಂದು ಪ್ಲಾಸ್ಟಿಕ್ ಕುರ್ಚಿ ಹಾಕಿದರು. ನಾನು ನಿಂತೇ ಓದಿದೆ. ನಡುನಡುವೆ ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡದಲ್ಲಿ ಹೇಳುತ್ತಾ, ಕಂಪನಿಯ ವಿಳಾಸದಿಂದ ಹಿಡಿದು ಒಂದೂ ಬಿಡದೆ. ಇಪ್ಪತ್ತು ನಿಮಿಷವಾದರೂ ಹಿಡಿದಿರಬೇಕು. ಒಬ್ಬ ಮುದುಕ ಆಕಳಿಸಿದ. ಮೂರನೇ ಪುಟದ ಆ ವಾಕ್ಯ ಬಂತು, ಓದಿದೆ.

"ಅವತ್ತು ನಾನು ಇದನ್ನ ಓದ್ಲಿಲ್ಲ" ಎಂದೆ. "'ಯಾರಿಗೂ' ಅಂತ ಇದರಲ್ಲಿ ಎಲ್ಲೂ ಇಲ್ಲ. ಅದು ನಾನು ಸೇರಿಸಿದ್ದು."

ದೊಡ್ಡಿ ನೆಲ ನೋಡುತ್ತಿದ್ದಳು.

"ಎರಡು ವರ್ಷ" ಎಂದಳು ಕೊನೆಗೆ. "ಕಾಳ ಆಸ್ಪತ್ರೇಲಿ ಮಲಗಿದ್ದಾಗ ಒಂದು ಹಾಡು ಹೇಳು ಅಂದ. ಹಾಡಂಗಿಲ್ಲ ಅಂದೆ ನಾನು."

ಇದು ನನಗೆ ಗೊತ್ತಿರಲಿಲ್ಲ. ಚೋಮಿಗೂ ಗೊತ್ತಿರಲಿಲ್ಲ ಎಂದು ಅವಳ ಮುಖದಿಂದ ತಿಳಿಯಿತು.

"ಇನ್ನೊಂದ್ಸಲ ಓದಿ. ಅದೊಂದೇ."

ಓದಿದೆ.

"ಇಲ್ವಲ್ಲ, ಯಾರಿಗೂ ಅಂತ?"

"ಇಲ್ಲ."

ಅವಳು ಬಾಯಲ್ಲಿದ್ದ ಎಲೆಯಡಿಕೆಯನ್ನು ಅಂಗಳದಾಚೆ ಉಗಿದು, ಬಾಯಿ ಮುಕ್ಕಳಿಸಿ ಬಂದು ಕುಳಿತಳು. "ಚೋಮಿ, ಫೋನ್ ಹಿಡಿ. ನನ್ನ ಹೆಸರು ಹಾಕು. ನಿಮ್ಮಪ್ಪಂದು, ಚಿಕ್ಕಪ್ಪಂದು ಎಲ್ಲ ಹಾಕು. ಕಲಾವಿದರು ಗಿಲಾವಿದರು ಅಂತ ಹಾಕ್ಬೇಡ."

ದುಡಿ ಶುರುವಾಯಿತು. ಮೊದಲ ಸಾಲಿನಲ್ಲೇ ಅವಳ ದನಿ ಒಡೆಯಿತು. ನಿಲ್ಲಿಸಿದಳು. ದುಡಿ ಅವಳಿಗಾಗಿ ಮೆಲ್ಲಗೆ ಬಡಿಯುತ್ತಾ ಕಾಯಿತು. ಮತ್ತೆ ಹಿಡಿದಳು, ಮತ್ತೆ ಒಡೆಯಿತು, ಈ ಸಲ ನಿಲ್ಲಿಸಲಿಲ್ಲ. ತೋಡು ದಾಟಿಸಿದಳು, ಬಿದಿರುಮೆಳೆ ದಾಟಿಸಿದಳು. ಅವರ ಮಾತು ನನಗೆ ಅರ್ಧ ಮಾತ್ರ ತಿಳಿಯುತ್ತದೆ. ಸುತ್ತಲಿನವರು ಅಳುತ್ತಿದ್ದರು. ನಾನು ಗೋಡೆಯ ಆಚೆ ನಿಂತವನ ಹಾಗೆ ಕೇಳುತ್ತಿದ್ದೆ. ಮೂರನೇ ಪುಟ ಇನ್ನೂ ನನ್ನ ಕೈಯಲ್ಲೇ ಇತ್ತು, ಅದರ ಅಂಚು ಬೆವರಿನಿಂದ ಮೆತ್ತಗಾಗಿತ್ತು.

ಮುಗಿದಾಗ ದೊಡ್ಡಿ ಎದ್ದು ಅಂಗಳದ ಅಂಚಿಗೆ ಹೋಗಿ, ಹಿಂದಿನ ದಿನದ ಬಾಳೆಲೆಯನ್ನು ಮಗುಚಿ ಹಾಕಿ ಬಂದಳು. ನನ್ನ ಪಕ್ಕದಲ್ಲೇ ಹಾದುಹೋದಳು. ಎಲ್ಲರಿಗೂ ಊಟ ಬಡಿಸಿದರು, ನನಗೂ ಬಡಿಸಿದರು.

ಸೋಮವಾರ ಬೆಳಿಗ್ಗೆ ಕಾಳುಮೆಣಸು ಬಿಡಿಸುವ ಕೆಲಸ. ಆಫೀಸಿನ ಮುಂದೆ ಹಾಜರಿಗೆ ಸಾಲು ನಿಂತಿತ್ತು. ದೊಡ್ಡಿಯ ಸರದಿ ಬಂದಾಗ ಇಂಕ್ ಪ್ಯಾಡನ್ನು ಅವಳ ಕಡೆ ಸರಿಸಿದೆ. ಅವಳು ಕೈ ಚಾಚಲಿಲ್ಲ.

"ಓದಿ."

"ಹಾಜರಿ ದೊಡ್ಡಿ. ದಿನಾ ಒತ್ತೋದೇ ಅಲ್ವಾ?"

"ದಿನಾ ಓದಿ."

ಓದಿದೆ. ಅವಳ ಹೆಸರು, ತಾರೀಖು, ಯಾವ ಬ್ಲಾಕು, ಯಾವ ಕೆಲಸ, ಪೂರ್ತಿ ದಿನವೋ ಅರ್ಧ ದಿನವೋ. ಕೇಳಿಸಿಕೊಂಡಳು. ಹೆಬ್ಬೆಟ್ಟನ್ನು ತಾನೇ ಪ್ಯಾಡಿಗೆ ತಾಗಿಸಿ, ನಾನು ಹಿಡಿಯುವ ಮುಂಚೆ ಒತ್ತಿ ಹೋದಳು.

ಅವಳ ಹಿಂದಿದ್ದ ಕೆಂಚಿ ಕೈ ಚಾಚಿದವಳು ಹಿಂದಕ್ಕೆ ಎಳೆದುಕೊಂಡಳು. "ನಂದೂ ಓದಿ ರೈಟ್ರೇ."

"ಏನ್ರೀ ರೈಟ್ರೇ, ಪುರಾಣ ಓದ್ತಿದೀರಾ?" ಎಂದು ಮೇಸ್ತ್ರಿ ಗೇಟಿನ ಹತ್ತಿರದಿಂದ ಕೂಗಿದ. "ಬಿಸಿಲೇರ್ತಾ ಉಂಟು."

ಸಾಲಿನಲ್ಲಿ ಇನ್ನೂ ಮೂವತ್ತೆರಡು ಜನ ಇದ್ದರು. ಕೆಂಚಿಯ ಹೆಸರಿನ ಕೆಳಗೆ ಬೆರಳಿಟ್ಟು ಓದತೊಡಗಿದೆ.