ಒದ್ದೆ ಕೈ

"ಕೈ ಕೊಡಿ" ಎಂದು ಡಾಕ್ಟರ್ ಯೂನ್ ಎರಡನೆಯ ಸಲ ಕೇಳಿದಾಗಲೂ ತಿಲಕ್ ಅಂಗೈಗಳನ್ನು ಪ್ಯಾಂಟಿಗೆ ಉಜ್ಜುತ್ತಲೇ ಇದ್ದ.

ಕೊಲ್ಲಿ ದೇಶದ ಸಲ್ವಾ ಬಡಾವಣೆಯ ಆ ಕೊರಿಯನ್ ಕ್ಲಿನಿಕ್ಕಿನಲ್ಲಿ ಎ.ಸಿ. ಕೊರೆಯುತ್ತಿತ್ತು. ಆದರೂ ಅವನ ಬೆರಳುಗಳಲ್ಲಿ ಬೆವರು ಇಳಿಯುತ್ತಿತ್ತು. ತಾನು ಕೆಲಸ ಮಾಡುವ ಶರ್ಕ್‌ನ ಬ್ಯಾಂಕಿನಲ್ಲಿ ಗ್ರಾಹಕರು ಕೈ ಚಾಚಿದರೆ ಅವನು ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸುತ್ತಿದ್ದ. ಎಲ್ಲರೂ ಅದನ್ನು ವಿನಯವೆಂದೇ ತಿಳಿದಿದ್ದರು. ಮುಲಾಮು, ಮಾತ್ರೆ ಯಾವುದೂ ನಾಟದೆ ಹೋದ ಮೇಲೆ ಸಹೋದ್ಯೋಗಿ ಡೋಲ್ಫಿ ಈ ಗಿಡಮೂಲಿಕೆಯ ಮದ್ದಿನ ವಿಷಯ ಹೇಳಿದ್ದ. ಪೊಟ್ಟಣದಲ್ಲಿ ಬರುವ ಕಂದು ಕಷಾಯವನ್ನು ತಿಲಕ್ ಪೊಟ್ಟಣದ ಸಮೇತ ಬಿಸಿನೀರಿನಲ್ಲಿಟ್ಟು ಬೆಚ್ಚಗಾಗಿಸಿ, ಸಿಂಕಿನೆದುರು ಮನೆಯವರಿಗೆ ಬೆನ್ನು ತಿರುಗಿಸಿ ನಿಂತು ಕುಡಿಯುತ್ತಿದ್ದ. ಮಗಳು ಕೇಳಿದರೆ ಹೊಟ್ಟೆನೋವು ಎನ್ನುತ್ತಿದ್ದ. ಇವತ್ತು ಹೆಂಡತಿ ನವ್ಯಶ್ರೀಗೆ ಡ್ಯೂಟಿ ಇದ್ದುದರಿಂದ ಮಗಳು ಅಪೇಕ್ಷಾಳನ್ನೂ ಕರೆತರಬೇಕಾಯಿತು.

ಯೂನ್ ಅವನ ಒದ್ದೆ ಮಣಿಕಟ್ಟು ಹಿಡಿದು ಕಣ್ಣುಮುಚ್ಚಿ ನಾಡಿ ನೋಡಿದರು. "ಕಡಿಮೆಯಾಗಿದೆಯೇ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ನಿದ್ದೆ ಚೆನ್ನಾಗಿ ಬರುತ್ತದೆ. ಕೈ ಮಾತ್ರ ಹಾಗೇ."

"ಹಳೆಯದು, ನಿಧಾನವಾಗುತ್ತದೆ. ಮನೆಯಲ್ಲಿ ಇನ್ಯಾರಿಗಾದರೂ ಇದೆಯೇ?"

"ಇಲ್ಲ."

ಮೂಲೆಯ ಕುರ್ಚಿಯಿಂದ ಅಪೇಕ್ಷಾ ತರಗತಿಯಲ್ಲಿ ಎತ್ತುವಂತೆ ಕೈ ಎತ್ತಿದಳು. "ಮೀ ಟೂ, ಪಪ್ಪಾ."

ಪುಟ್ಟ ಅಂಗೈ ದೀಪದಡಿ ಹೊಳೆಯಿತು.

"ಎಂತ ಮಗಾ? ಯಾಕೆ ಹೇಳ್ಲಿಲ್ಲ ನೀನು?"

"ಯು ಸೆಡ್ ಛೀ."

ತಿಲಕ್‌ಗೆ ನೆನಪಾಯಿತು. ಮಾಲ್‌ನ ಪಾರ್ಕಿಂಗಿನಲ್ಲಿ ಅವಳು ಓಡಿಬಂದು ಕೈ ಹಿಡಿದಿದ್ದಳು. ಒದ್ದೆ ತನ್ನದೇ ಎಂದುಕೊಂಡು ಅವನು ಛೀ ಎಂದು ಕೊಡವಿಕೊಂಡಿದ್ದ.

"ಅದು ನಿಂಗೆ ಹೇಳಿದ್ದಲ್ಲ ಮಗಾ. ನನ್ನ ಕೈಗೆ ಹೇಳಿದ್ದು."

ಅವಳು ನಂಬಿದಂತೆ ಕಾಣಲಿಲ್ಲ. "ಇನ್ ದ ಡಾನ್ಸ್ ವೀ ಹ್ಯಾವ್ ಟು ಹೋಲ್ಡ್ ಹ್ಯಾಂಡ್ಸ್" ಎಂದಳು, ನೆಲ ನೋಡುತ್ತ.

ಶಾಲೆಯ ವಾರ್ಷಿಕೋತ್ಸವದ ಕುಣಿತಕ್ಕೆ ಅವಳು ಒಲ್ಲೆನೆಂದಾಗ, ಟೀಚರ್ ಎದುರಿಗೇ ಸೋಮಾರಿ ಎಂದು ಗದರಿದ್ದು ಅವನೇ. ಯೂನ್ ತಲೆ ತಗ್ಗಿಸಿ ಏನೋ ಬರೆಯತೊಡಗಿದರು. ತಿಲಕ್‌ನ ಕಿವಿ ಬಿಸಿಯಾಯಿತು.

ಮರುದಿನ ಬೆಳಿಗ್ಗೆ ಬ್ಯಾಂಕಿಗೆ ತಡವಾಗಿ ಬರುವುದಾಗಿ ತಿಳಿಸಿ, ಮಗಳ ಜೊತೆ ಶಾಲೆಗೆ ಹೋದ. ಡಾನ್ಸ್ ಕಲಿಸುವ ಶಮೀಲಾ ಟೀಚರ್ ಕಾರಿಡಾರಿನಲ್ಲೇ ಸಿಕ್ಕರು. ಮಕ್ಕಳು ಅತ್ತಿತ್ತ ಓಡುತ್ತಿದ್ದರು.

"ಇವಳು ಸೋಮಾರಿ ಅಲ್ಲ ಟೀಚರ್" ಎಂದ ತಿಲಕ್. "ಕೈ ಬೆವರ್ತದೆ. ಅದಕ್ಕೇ ಬರುದಿಲ್ಲ ಅಂದದ್ದು. ನಂದೂ ಹೀಗೇ."

ಎರಡೂ ಅಂಗೈ ಬಿಚ್ಚಿ ತೋರಿಸಿದ. ಶಮೀಲಾ ಏನಾದರೂ ಅನ್ನುವ ಮೊದಲೇ ಅವನ ಕಿರುಬೆರಳಿನಿಂದ ಒಂದು ಹನಿ ಜಾರಿ ನೆಲದ ಮೇಲೆ ಬಿತ್ತು.

ಯಾರಾದರೂ ಕಂಡರೇ ಎಂದು ಅಪೇಕ್ಷಾ ಸುತ್ತ ಒಮ್ಮೆ ನೋಡಿದಳು. ಆಮೇಲೆ ಶೂವಿನ ತುದಿಯಿಂದ ಅದನ್ನು ಮೆಲ್ಲಗೆ ಒರೆಸಿದಳು.